ಮಡಿಯ ಗಳ

ಎಲುಬಿನ ಸ್ಕ್ಯಾನ್ ಚಿತ್ರವನ್ನು ಡಾಕ್ಟರ್ ಶ್ರೀನಾಥ್ ದೀಪದ ಹಲಗೆಗೆ ಸಿಕ್ಕಿಸಿದ ಕೂಡಲೇ ಹರಿದಾಸರಾಯರು ಕುರ್ಚಿಯಿಂದೆದ್ದು ಅದರ ಹತ್ತಿರ ಹೋದರು. ಬೆಳಕಿಗೆ ಹಿಡಿದ ಫಿಲಂ ಎಲ್ಲಿ ಕಂಡರೂ ಅವರ ಕಾಲು ತಾನಾಗಿ ಅತ್ತ ನಡೆಯುತ್ತಿತ್ತು. ಕೋಡಂಬಾಕ್ಕಂನ ಸ್ಟುಡಿಯೋಗಳಲ್ಲಿ ಅವರು ತಮ್ಮ ಆಯುಷ್ಯದ ಒಳ್ಳೆಯ ಭಾಗವನ್ನೆಲ್ಲ ನೆಗೆಟಿವ್ ಕತ್ತರಿಸುತ್ತ ಕಳೆದವರು. ಸಂಕಲನಕಾರರು ಪಾಸಿಟಿವ್ ಪ್ರತಿಯಲ್ಲಿ ಕತ್ತರಿಸಿ, ಅಂಟಿಸಿ, ಬಿಚ್ಚಿ, ಮತ್ತೆ ಅಂಟಿಸಿ ಚಿತ್ರವನ್ನು ಒಂದು ಹದಕ್ಕೆ ತಂದ ಮೇಲೆ, ಅದಕ್ಕೆ ಸರಿಯಾಗಿ ಮೂಲ ನೆಗೆಟಿವನ್ನು ಕತ್ತರಿಸಿ ಜೋಡಿಸುವುದು ಅವರ ಕೆಲಸವಾಗಿತ್ತು. ಪಾಸಿಟಿವ್‌ನಲ್ಲಿ ತಪ್ಪಿದರೆ ತಿದ್ದಬಹುದು. ನೆಗೆಟಿವ್‌ನಲ್ಲಿ ಕತ್ತರಿ ಒಮ್ಮೆ ಆಡಿತೆಂದರೆ ಆಡಿತು. ಮನಸ್ಸು ಬದಲಾಗಿ ಮತ್ತೆ ಕೂಡಿಸಹೊರಟರೆ ಆ ಬದಿಯಲ್ಲೊಂದು, ಈ ಬದಿಯಲ್ಲೊಂದು ಚೌಕ ನಷ್ಟವಾಗಿ, ನೆಟ್ಟಗೆ ನಡೆದು ಬರುತ್ತಿದ್ದ ನಾಯಕಿ ತೆರೆಯ ಮೇಲೆ ಸಣ್ಣಗೆ ಎಡವುತ್ತಾಳೆ.

ಸೊಂಟದ ಬಳಿ ಕಪ್ಪು ಮಚ್ಚೆಗಳು. ಬೆನ್ನೆಲುಬಿನ ಕೆಳತುದಿಯಲ್ಲಿ ಇನ್ನೊಂದು.

"ಇದು ಧೂಳಲ್ಲ, ಅಲ್ವಾ ಡಾಕ್ಟ್ರೇ?" ಎಂದರು.

"ಅಲ್ಲ ಸಾರ್. ಕೂತ್ಕೊಳ್ಳಿ."

ಶ್ರೀನಾಥ್ ಮೈಸೂರಿನವರು, ಚೆನ್ನೈಗೆ ಬಂದು ಹೆಚ್ಚು ಕಾಲವಾಗಿರಲಿಲ್ಲ. ಕನ್ನಡದ ರೋಗಿ ಸಿಕ್ಕಿದರೆ ಅವರಿಗೆ ಊರಿಗೆ ಹೋಗಿಬಂದಷ್ಟು ಹಿತವಾಗುತ್ತಿತ್ತು. ಇವತ್ತು ಮಾತ್ರ ಆ ಭಾಷೆಯೇ ಭಾರವಾದವರಂತೆ ಒಂದೊಂದು ಮಾತನ್ನೂ ಎತ್ತಿ ಎತ್ತಿ ಇಟ್ಟರು. ಪ್ರಾಸ್ಟೇಟಿನಲ್ಲಿ ಹುಟ್ಟಿದ ಕ್ಯಾನ್ಸರ್ ಎಲುಬಿಗೆ ಇಳಿದಿದೆ. ಬುಡಸಮೇತ ತೆಗೆಯುವ ಹಂತ ದಾಟಿದೆ.

"ಆದ್ರೆ ಮಲಗಿಸಬಹುದು. ಅದು ಬದುಕೋದು ಗಂಡಸಿನ ಹಾರ್ಮೋನ್ ತಿಂದುಕೊಂಡು. ಆ ಊಟ ನಿಲ್ಲಿಸಿದ್ರೆ ಮಲಗುತ್ತೆ. ಕೆಲವರಿಗೆ ಒಂದೆರಡು ವರ್ಷ, ಕೆಲವರಿಗೆ ಅದಕ್ಕಿಂತ ಜಾಸ್ತಿ. ಊಟ ನಿಲ್ಲಿಸೋಕೆ ಎರಡು ದಾರಿ ಇದೆ..." ಎಂದು ಡಾಕ್ಟರು ಪಕ್ಕದ ಕುರ್ಚಿಯತ್ತ ನೋಡಿದರು. ಅಲ್ಲಿ ಹರಿದಾಸರಾಯರ ಮಗಳು ರಂಜನಿ ಕುಳಿತಿದ್ದಳು. "ಅಮ್ಮಾ, ನೀವು ಐದು ನಿಮಿಷ ಹೊರಗಡೆ..."

"ಪರವಾಗಿಲ್ಲ ಡಾಕ್ಟರ್, ಹೇಳಿ. ಟಿ. ನಗರದ ಬ್ಯಾಂಕಲ್ಲಿ ಲೋನ್ ವಸೂಲಿ ನನ್ನ ಕೆಲಸ. ನಾಚಿಕೆ ಅನ್ನೋದನ್ನ ಯಾವತ್ತೋ ಬಿಟ್ಟಿದೀನಿ."

ಹರಿದಾಸರಾಯರು ಬಿಟ್ಟಿರಲಿಲ್ಲ. ಅವರು ಮೇಜಿನ ಮೇಲಿದ್ದ ಗಾಜಿನ ಗುಂಡನ್ನು ನೋಡುತ್ತ ಕುಳಿತರು. ಮೊದಲ ದಾರಿ ಒಂದು ಚಿಕ್ಕ ಆಪರೇಷನ್. ಹಾರ್ಮೋನ್ ಹುಟ್ಟುವ ಬೀಜಗಳನ್ನೇ ತೆಗೆದುಬಿಡುವುದು. ಒಂದು ದಿನದ ಕೆಲಸ, ಒಮ್ಮೆ ಮಾಡಿದರೆ ಮುಗಿಯಿತು. ಎರಡನೆಯದು ಹೊಟ್ಟೆಯ ಚರ್ಮಕ್ಕೆ ತಿಂಗಳು ತಿಂಗಳು ಇಂಜೆಕ್ಷನ್. ಅದು ಬೀಜಗಳನ್ನು ಇದ್ದ ಹಾಗೆಯೇ ಬಿಟ್ಟು ಅವುಗಳ ಕೆಲಸವನ್ನಷ್ಟೇ ನಿಲ್ಲಿಸುತ್ತದೆ. ಶುರುವಿನಲ್ಲಿ ಹಾರ್ಮೋನ್ ಒಮ್ಮೆ ಏರಿ ನೋವು ಕೆರಳಬಹುದಾದ್ದರಿಂದ ಮೊದಲು ಕೆಲವು ದಿನ ಮಾತ್ರೆ ಬೇಕು.

"ಎರಡರ ಫಲಾನೂ ಹೆಚ್ಚು ಕಡಿಮೆ ಒಂದೇ. ತೊಂದರೆಗಳೂ ಒಂದೇ. ಇದ್ದಕ್ಕಿದ್ದ ಹಾಗೆ ಮೈ ಕಾದು ಬೆವರುತ್ತೆ, ಸುಸ್ತಾಗುತ್ತೆ, ಎಲುಬು ಸವೆಯುತ್ತೆ. ಮತ್ತೆ... ಆಸೆ ಹೋಗುತ್ತೆ."

"ಯಾವ ಆಸೆ?"

ಕೇಳಿಬಿಟ್ಟ ಮೇಲೆ ಕೇಳಬಾರದಿತ್ತು ಎನ್ನಿಸಿತು. ಡಾಕ್ಟರು ಉತ್ತರ ಹುಡುಕುವಷ್ಟರಲ್ಲಿ ರಂಜನಿ ನಕ್ಕಳು. "ಅಯ್ಯೋ, ಅದೆಲ್ಲ ಈಗ ಯಾಕೆ ಡಾಕ್ಟರ್? ಅಪ್ಪನಿಗೆ ಎಪ್ಪತ್ತೊಂದು. ಅಮ್ಮನಂತೂ ಮೂರು ಹೊತ್ತೂ ಮಡಿಯಲ್ಲಿ ಇರೋಳು. ಆ ವಿಷಯದಲ್ಲಿ ನಮ್ಮನೇಲಿ ಏನೂ ನಷ್ಟ ಇಲ್ಲ."

ಡಾಕ್ಟರೂ ನಕ್ಕರು. ಹರಿದಾಸರಾಯರು ನಗುವಿನಲ್ಲಿ ಸೇರಿಕೊಳ್ಳಲು ನೋಡಿದರು. ಬಾಯಿ ಅಷ್ಟು ದೂರ ಬರಲಿಲ್ಲ.

"ಇಂಜೆಕ್ಷನ್ ನಿಲ್ಲಿಸಿದ್ರೆ ಅದು ವಾಪಸ್ ಬರ್ತದಾ?"

ಈ ಸಲ ಡಾಕ್ಟರು ಅವರ ಮುಖವನ್ನು ಸರಿಯಾಗಿ ನೋಡಿದರು. "ನಿಧಾನಕ್ಕೆ ಬರಬಹುದು. ನಿಮ್ಮ ವಯಸ್ಸಿಗೆ ಖಂಡಿತ ಅಂತ ಹೇಳೋಕಾಗಲ್ಲ. ಆದ್ರೆ ಅದು ಬಂದ್ರೆ ಕಾಯಿಲೇನೂ ಎದ್ದು ಕೂರುತ್ತೆ. ಎಲುಬಿಗೆ ಬಂದಿರೋರಿಗೆ ನಿಲ್ಲಿಸಿ ಅಂತ ನಾನು ಹೇಳೋದಿಲ್ಲ. ನಿಜ ಹೇಳಬೇಕು ಅಂದ್ರೆ, ಬಾಗಿಲು ತೆರೆದಿದೆ ಅನ್ನೋ ಸಮಾಧಾನ ಇರುತ್ತೆ, ಅಷ್ಟೆ."

"ಏನೂ ಮಾಡದೆ ಇದ್ರೆ?"

"ಸೊಂಟ ಈಗಾಗಲೇ ನೋಯ್ತಿದೆ. ಬೆನ್ನೆಲುಬಲ್ಲಿ ಒತ್ತಿಕೊಂಡ್ರೆ ಕಾಲೇ ಹೋಗಬಹುದು. ಒಂದು ವಾರ ಯೋಚನೆ ಮಾಡಿ, ಅದಕ್ಕಿಂತ ಬೇಡ. ಕಾಲು ಜೋಮು ಹಿಡೀತು ಅಂದ್ರೆ ಆ ಕ್ಷಣ ಬಂದುಬಿಡಿ."

ಆಟೋದಲ್ಲಿ ರಂಜನಿ ತಂದೆಯ ಮೊಣಕಾಲಿನ ಮೇಲೆ ಕೈಯಿಟ್ಟಳು. "ದುಡ್ಡಿನ ಯೋಚನೆ ಬೇಡಪ್ಪಾ, ಎರಡಕ್ಕೂ ನಾನಿದೀನಿ. ಆದ್ರೆ ನನ್ನ ಕೇಳಿದ್ರೆ ಆಪರೇಷನ್ ಸೀಕ್ರಂ, ಬೇಗ ಮುಗಿಸಿಬಿಡು. ತಿಂಗಳು ತಿಂಗಳು ಸೂಜಿ, ಯಾಕೆ ಆ ತಲೆನೋವು? ಎನ್ನಪ್ಪಾ, ಸೆರಿ ತಾನೇ?"

"ಸೆರಿ ಸೆರಿ. ನೋಡೋಣ," ಎಂದರು ಹರಿದಾಸರಾಯರು. ಲಜ್ ಕೂಡುರಸ್ತೆಯ ಸಿಗ್ನಲ್‌ನಲ್ಲಿ ಆಟೋ ನಿಂತಿತ್ತು. ಬುಟ್ಟಿಯ ಮಲ್ಲಿಗೆಯನ್ನು ಮೊಳ ಹಾಕುತ್ತಿದ್ದ ಹೆಂಗಸು ತನ್ನ ಮೊಣಕೈಯಿಂದ ಬೆರಳ ತುದಿಯವರೆಗೆ ಹೂವನ್ನೆಳೆಯುವುದನ್ನು ಅವರು ದೀಪ ಹಸಿರಾಗುವವರೆಗೂ ನೋಡಿದರು.

ಮೈಲಾಪೂರಿನ ಹಳೆಯ ಕಟ್ಟಡವೊಂದರ ಮೊದಲ ಮಹಡಿಯಲ್ಲಿ ಅವರ ಮನೆ. ಹಾಲಿನಿಂದ ಅಡಿಗೆಮನೆಗೆ ಹೋಗುವ ಓಣಿಯಲ್ಲಿ, ಯಾರ ಕೈಗೂ ಎಟುಕದಷ್ಟು ಎತ್ತರದಲ್ಲಿ, ಎರಡು ಹಗ್ಗಗಳಿಂದ ತೂಗಿಬಿಟ್ಟ ಬಿದಿರ ಗಳ. ಅವರ ಹೆಂಡತಿ ಭೀಮಾಬಾಯಿ ಬೆಳಗ್ಗೆ ಮಿಂದು, ನಾಳೆಯ ಮಡಿಗೆಂದು ಒಗೆದ ಸೀರೆಯನ್ನು ಕೋಲಿನಿಂದ ಎತ್ತಿ ಆ ಗಳದ ಮೇಲೆ ಹರವುತ್ತಿದ್ದಳು. ಅದು ಅಲ್ಲಿ ಯಾರ ಮೈಯೂ ಸೋಂಕದೆ ಒಣಗಬೇಕು. ಅದನ್ನುಟ್ಟವಳನ್ನೂ ಯಾರೂ ಸೋಂಕುವಂತಿಲ್ಲ. ಬೇರೆ ಮನೆಗಳಲ್ಲಿ ದೇವರ ನೈವೇದ್ಯವಾಗುತ್ತಲೇ ಹೆಂಗಸರು ಮಡಿ ಬಿಡುತ್ತಿದ್ದರು. ಭೀಮಾಬಾಯಿ ಮಧ್ಯಾಹ್ನವೂ ಬಿಡಲಿಲ್ಲ, ಸಂಜೆಯೂ ಬಿಡಲಿಲ್ಲ. ರಾತ್ರಿ ದೇವರಕೋಣೆಯ ಪಕ್ಕದಲ್ಲಿ ಚಾಪೆ ಹಾಸಿಕೊಂಡಳು. ಆಷಾಢ ಬಂದರೆ ಚಾತುರ್ಮಾಸ್ಯದ ವ್ರತಗಳು ಬೇರೆ. ಈಗ ಮನೆಯಲ್ಲಿ ತರಕಾರಿಯಿಲ್ಲ, ಹೆಸರುಬೇಳೆ ಮತ್ತು ಮೆಣಸಿನ ಕಾಲ. ಗಂಡನಿಗೆ ಕೊಡುವ ಕಾಫಿಯ ಲೋಟವನ್ನು ಅವಳು ನೆಲದ ಮೇಲಿಟ್ಟು ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದಳು. ಅವರು ಬಗ್ಗಿ ಎತ್ತಿಕೊಳ್ಳುತ್ತಿದ್ದರು. ಖಾಲಿ ಲೋಟವನ್ನು ಅವರು ನೆಲದ ಮೇಲಿಡುತ್ತಿದ್ದರು. ಹೀಗೆ ಇಪ್ಪತ್ತನಾಲ್ಕು ವರ್ಷ ಆ ಲೋಟ ಅವರಿಬ್ಬರ ನಡುವಿನ ನೆಲವನ್ನು ಬಿಟ್ಟು ಮೇಲೇಳಲಿಲ್ಲ.

ಹರಿದಾಸರಾಯರು ಇದನ್ನು ಪ್ರಶ್ನಿಸಿದವರಲ್ಲ. ಅವರ ಕಸುಬಿಗೂ ಒಂದು ಮಡಿಯಿತ್ತು. ನೆಗೆಟಿವನ್ನು ಬರಿಗೈಯಲ್ಲಿ ಮುಟ್ಟುವಂತಿರಲಿಲ್ಲ; ಬಿಳಿಯ ಹತ್ತಿಯ ಗವಸು ತೊಟ್ಟು ಅಂಚುಗಳಲ್ಲಷ್ಟೇ ಹಿಡಿಯಬೇಕು. ಒಳಗಿನ ಮುಖಕ್ಕೆ ಬೆರಳು ತಾಗಿತೆಂದರೆ ಆ ಗುರುತು ಕೊನೆಯವರೆಗೂ ಉಳಿಯುತ್ತದೆ. ಹೆಂಡತಿಯನ್ನೂ ಅವರು ಹಾಗೆಯೇ ಅಂಚುಗಳಲ್ಲಿ ಹಿಡಿದುಕೊಂಡಿದ್ದರು. ಹಾಲಿನ ಬೆಂಚಿನ ಮೇಲೆ ಹೊಸ ಕಾವ್ಯದ ಪುಸ್ತಕ ತೆರೆದು ಕುಳಿತು ಅವಳ ಬಳೆಗಳ ಸದ್ದನ್ನು ಕೇಳುತ್ತಿದ್ದರು. ಬೇಳೆ ಆರಿಸುವಾಗ ಒಂದು ಸದ್ದು, ತಂಬಿಗೆ ಬಗ್ಗಿಸುವಾಗ ಇನ್ನೊಂದು. ತಮ್ಮ ಯೌವನದಲ್ಲಿ ಅವರು ಬಾಯಿಪಾಠ ಮಾಡಿದ ಕವಿತೆಗಳಲ್ಲಿ ಆಸೆ ಯಾವಾಗಲೂ ಇಪ್ಪತ್ತೈದರ ಹರೆಯದ್ದು. ಮುದುಕರಿಗೆ ಅಲ್ಲಿ ಹೆಚ್ಚೆಂದರೆ ನೆನಪು ಸಿಗುತ್ತಿತ್ತು, ಇಲ್ಲವೇ ವಿವೇಕ. ಎಪ್ಪತ್ತೊಂದರಲ್ಲಿ ಬಳೆಯ ಸದ್ದಿಗೆ ಪುಟ ಮಗುಚುವುದನ್ನು ಮರೆಯುವವನಿಗಾಗಿ ಯಾರೂ ಒಂದು ಸಾಲು ಬರೆದಿಟ್ಟಿರಲಿಲ್ಲ.

"ಏನಂದ್ರು ಡಾಕ್ಟ್ರು?" ಎಂದು ಭೀಮಾಬಾಯಿ ಅಡಿಗೆಮನೆಯ ಹೊಸ್ತಿಲಿನಾಚೆಯಿಂದ ಕೇಳಿದಳು.

"ಎಲುಬು ಸ್ವಲ್ಪ ಸವೆದಿದೆಯಂತೆ. ಔಷಧ ಕೊಡ್ತಾರೆ."

ಆಮೇಲೆ ಲೋಟ ನೆಲಕ್ಕಿಟ್ಟ ಸದ್ದಾಯಿತು.

ಕಪಾಲೀಶ್ವರನ ಕೊಳದ ಕಟ್ಟೆಯ ಬಳಿ ಮರುದಿನ ಸಂಜೆ ಐತಪ್ಪ ಸಿಕ್ಕಿದ. ಸಿಕ್ಕಿದ ಎನ್ನುವುದಕ್ಕಿಂತ, ಹರಿದಾಸರಾಯರು ಅವನನ್ನೇ ಹುಡುಕಿಕೊಂಡು ಹೋಗಿದ್ದರು. ಮಂಗಳೂರಿನ ಕಡೆಯಿಂದ ಹುಡುಗನಾಗಿ ಬಂದು, ಸ್ಟುಡಿಯೋ ಒಂದರ ಕ್ಯಾಂಟೀನನ್ನು ಬಹುಕಾಲ ನಡೆಸಿದವನು ಅವನು. ಅವನಿಗೂ ಇದೇ ಕಾಯಿಲೆ. ಮೂರು ವರ್ಷದ ಹಿಂದೆ ಆಪರೇಷನ್ ಆಗಿತ್ತು. ಗಲ್ಲ ತುಂಬಿಕೊಂಡು, ಮೀಸೆ ತೆಳ್ಳಗಾಗಿ, ಕೈಯಲ್ಲೊಂದು ಬೀಸಣಿಗೆ ಹಿಡಿದು ಕುಳಿತಿದ್ದ.

"ಹೆದರುವುದೆಂತಕ್ಕೆ ಮಾರಾಯ್ರೆ! ಬೆಳಿಗ್ಗೆ ಹೋದೆ, ಮರುದಿನ ಮಧ್ಯಾಹ್ನ ಮನೆಯಲ್ಲಿ ಗಂಜಿ ಊಟ. ನಡು ನೋವು ಹೋಯಿತು. ಮೂರು ವರ್ಷ ಬೋನಸ್ ಸಿಕ್ಕಿತು. ಮೊಮ್ಮಗಳ ಮದುವೆ ನೋಡಿದೆ." ಐತಪ್ಪ ಬೀಸಣಿಗೆಯನ್ನು ಜೋರಾಗಿ ಆಡಿಸಿದ. "ಈ ಶೆಕೆ ಒಂದು ಉಂಟು ನೋಡಿ. ಒಳಗಿನಿಂದ ಒಲೆ ಹಚ್ಚಿದ ಹಾಗೆ. ನನ್ನ ಹೆಂಡತಿಗೆ ಐವತ್ತರಲ್ಲಿ ಬಂದದ್ದು ನನಗೆ ಎಪ್ಪತ್ತರಲ್ಲಿ ಬಂತು. ಅವಳು ಹೇಳ್ತಾಳೆ, ಈಗ ಗೊತ್ತಾಯಿತಾ ನಾನು ಆಗ ಯಾಕೆ ಪಾತ್ರೆ ಬಿಸಾಡ್ತಿದ್ದೆ ಅಂತ!"

ಹರಿದಾಸರಾಯರು ನಕ್ಕರು. ಆಮೇಲೆ ಕೊಳದ ಹಸಿರು ನೀರನ್ನು ನೋಡುತ್ತ, ಕೇಳಬೇಕಾದ್ದನ್ನು ಕೇಳಿದರು. "ಮತ್ತೆ, ಆಸೆ?"

ಐತಪ್ಪನ ಬೀಸಣಿಗೆ ನಿಂತಿತು. "ಹೋಯಿತು."

"ಬೇಜಾರಾಗೋದಿಲ್ವಾ?"

"ಅದೇ ವಿಷಯ ರಾಯರೇ. ಆಗುವುದಿಲ್ಲ. ಹೋದದ್ದು ಹೋಯಿತು ಅಂತ ಗೊತ್ತಾಗುವುದೂ ಇಲ್ಲ. ಹಲ್ಲು ಹೋದರೆ ನಾಲಿಗೆ ಆ ಜಾಗ ಹುಡುಕ್ತದೆ. ಇದು ಹಾಗಲ್ಲ, ಹುಡುಕುವವನೂ ಒಟ್ಟಿಗೇ ಹೋಗ್ತಾನೆ." ಅವನು ಮತ್ತೆ ಬೀಸತೊಡಗಿದ. "ಒಳ್ಳೆಯದೇ ಅಲ್ಲವಾ? ನೆಮ್ಮದಿ. ಬಡಿಸಿಕೊಳ್ಳಿ, ಕೈ ತೊಳೆಯಿರಿ, ಮಲಗಿ!"

ಮನೆಗೆ ನಡೆದು ಬರುವಾಗ ಹರಿದಾಸರಾಯರ ಸೊಂಟ ನೋಯುತ್ತಿತ್ತು. ನೋವಿಗಿಂತ ಆ ನೆಮ್ಮದಿಯೇ ಅವರನ್ನು ಹೆದರಿಸಿತು. ಅವರು ಈಗ ಬಯಸುತ್ತಿದ್ದುದು ಏನೆಂದು ಯಾರಾದರೂ ಕೇಳಿದ್ದರೆ ಹೇಳುವುದಕ್ಕೇ ಬರುತ್ತಿರಲಿಲ್ಲ. ಮೈಯಿಂದ ಆಗಬೇಕಾದ್ದೇನೂ ಬಹಳ ಉಳಿದಿರಲಿಲ್ಲ. ಉಳಿದದ್ದು ಒಂದು ಬಾಗುವಿಕೆ. ಕಿಟಕಿಯ ಗಿಡ ಬೆಳಕಿನ ಕಡೆಗೆ ಬಾಗಿದಂತೆ ಅವರ ದಿನವೆಲ್ಲ ಆ ಅಡಿಗೆಮನೆಯ ಹೊಸ್ತಿಲಿನತ್ತ ಬಾಗಿರುತ್ತಿತ್ತು. ಅದು ನೆಟ್ಟಗಾಗಿಬಿಟ್ಟರೆ ಉಳಿದ ವರ್ಷಗಳನ್ನು ಯಾವ ಕಡೆಗೆ ಮುಖ ಮಾಡಿ ಬದುಕುವುದು? ಇಂಜೆಕ್ಷನ್ ಎಂದರೆ ಪಾಸಿಟಿವ್ ಪ್ರತಿ. ಮನಸ್ಸು ಬದಲಾದರೆ ಅಂಟು ಬಿಚ್ಚಬಹುದು. ಬಿಚ್ಚಬಾರದೆಂದು ಡಾಕ್ಟರು ಹೇಳಿದ್ದು ನಿಜ. ಆದರೂ ಬಿಚ್ಚಬಹುದಾದ ಅಂಟು ಬೇರೆ, ಕತ್ತರಿ ಬೇರೆ. ಮೆಟ್ಟಿಲು ಹತ್ತುತ್ತ, ಇಂಜೆಕ್ಷನ್ನೇ ಸರಿಯೆಂದುಕೊಂಡರು. ಮೇಲಿನ ಮೆಟ್ಟಿಲು ಸೇರುವಷ್ಟರಲ್ಲಿ ಅದೂ ಸರಿಯಲ್ಲ ಎನ್ನಿಸಿತು. ಫಲ ಒಂದೇ ಆದ ಮೇಲೆ ತೆರೆದ ಬಾಗಿಲಿನಿಂದ ಏನು ಬಂದೀತು?

ಶುಕ್ರವಾರ ಬೆಳಗ್ಗೆ ಹೆಂಡತಿಗೆ ಹೇಳಿಬಿಡುವುದೆಂದು ನಿಶ್ಚಯಿಸಿದರು. ಭೀಮಾಬಾಯಿ ಆಗಷ್ಟೇ ಮಿಂದು ಮಡಿಯುಟ್ಟು, ಒಗೆದ ಸೀರೆಯನ್ನು ಕೋಲಿನಿಂದ ಗಳದ ಮೇಲೆ ಹರವುತ್ತಿದ್ದಳು. ಒದ್ದೆ ಸೀರೆಯ ಒಂದು ತುದಿ ನೆಲಕ್ಕೆ ಗೇಣು ದೂರದವರೆಗೆ ಇಳಿಬಿದ್ದು ನೀರು ತೊಟ್ಟಿಕ್ಕುತ್ತಿತ್ತು.

"ಏನೇ, ನಿನ್ನ ಹತ್ರ ಒಂದು ಮಾತು..." ಎನ್ನುತ್ತ ಅವರು ಓಣಿಯೊಳಕ್ಕೆ ಹೆಜ್ಜೆಯಿಟ್ಟರು. ನೀರಿನ ಮೇಲೆ ಕಾಲು ಜಾರಿತೋ, ಸೊಂಟವೇ ಕೈಬಿಟ್ಟಿತೋ, ಮೈ ಪಕ್ಕಕ್ಕೆ ವಾಲಿತು. ಭೀಮಾಬಾಯಿ ಕೋಲು ಎಸೆದು ಕೈ ಚಾಚಿದಳು. ಆ ಕೈ ಅವರಿಗೆ ಸ್ಪಷ್ಟವಾಗಿ ಕಾಣಿಸಿತು. ಬಳೆಗಳು ಮೊಣಕೈಯತ್ತ ಜಾರಿದ್ದವು, ಬೆರಳುಗಳು ಬಿಚ್ಚಿದ್ದವು. ಅವರು ಬೀಳುತ್ತಿದ್ದಂತೆಯೇ ಆ ಕೈಯಿಂದ ತಪ್ಪಿಸಿಕೊಂಡು, ಇಳಿಬಿದ್ದಿದ್ದ ಸೀರೆಯನ್ನು ಹಿಡಿದರು. ಹಳೆಯ ಹಗ್ಗ ತಡೆಯಲಿಲ್ಲ. ಗಳ, ಸೀರೆ, ಗಂಡ ಮೂರೂ ಒಟ್ಟಿಗೆ ನೆಲಕ್ಕೆ ಬಂದವು.

ಬಿದಿರು ಸದ್ದು ಮಾಡುತ್ತ ಓಣಿಯುದ್ದಕ್ಕೂ ಉರುಳಿತು.

"ಬೀಳೋರು ಹೆಂಡತೀನ ಬಿಟ್ಟು ಹೆಂಡತಿ ಸೀರೆ ಹಿಡ್ಕೋತಾರಾ?" ಎಂದಳು ಭೀಮಾಬಾಯಿ.

"ನಿನ್ನ ಮಡಿ ಕೆಡ್ತದೆ ಅಂತ..."

"ಸೀರೆದು ಕೆಡಲ್ವಾ? ಆಹಾ, ಏನು ಬುದ್ಧಿ! ಕೈ ಕೊಟ್ಟೆನಲ್ಲ, ಕಂಡಿತೋ ಇಲ್ವೋ?"

"ಕಂಡಿತು."

"ಕಂಡೂ ತಪ್ಪಿಸಿಕೊಂಡಿರಿ."

ಅವಳು ನೆಲದ ಮೇಲೆ ಮಂಡಿಯೂರಿ, ಅವರ ಕಂಕುಳಿಗೆ ತೋಳು ಕೊಟ್ಟು ಎಬ್ಬಿಸಿ ಗೋಡೆಗೆ ಒರಗಿಸಿದಳು. ಆಮೇಲೆ ಅವರ ಪಾದವನ್ನು ತನ್ನ ತೊಡೆಯ ಮೇಲೆಳೆದುಕೊಂಡು ಬೆರಳುಗಳನ್ನು ಒಂದೊಂದಾಗಿ ಹಿಸುಕಿದಳು.

"ಇದು ಗೊತ್ತಾಗ್ತದಾ?"

"ಗೊತ್ತಾಗ್ತದೆ."

"ಇದು?"

"ಅಯ್ಯೋ, ಚಿವುಟಬೇಡವೇ!"

"ಸದ್ಯ. ಜೋಮು ಹಿಡಿದ್ರೆ ಕೂಡಲೇ ಕರಕೊಂಡು ಬನ್ನಿ ಅಂದಿದಾರಂತಲ್ಲ." ಅವಳು ಪಾದವನ್ನು ಬಿಡಲಿಲ್ಲ. "ರಂಜನಿ ಅವತ್ತೇ ಫೋನಲ್ಲಿ ಎಲ್ಲಾ ಹೇಳಿದಳು. ಸೂಜಿ, ಆಪರೇಷನ್ನು, ಆಸೆ ಹೋಗೋದು, ಎಲ್ಲಾ. ನೀವಾಗಿ ಹೇಳ್ತೀರಾ ಅಂತ ಕಾಯ್ತಾ ಇದ್ದೆ. ನಿಮಗೋ, ಎಲುಬು ಸ್ವಲ್ಪ ಸವೆದಿದೆ!"

ಹರಿದಾಸರಾಯರು ಕಣ್ಣು ಮುಚ್ಚಿಕೊಂಡರು. ತಮ್ಮ ಪಾದವನ್ನು ಇನ್ನೊಂದು ಜೀವ ಹಿಡಿದುಕೊಂಡಿರುವುದು ಎಷ್ಟು ದೊಡ್ಡ ಸಂಗತಿಯೆಂಬುದು ಅವರಿಗೆ ಮರೆತೇಹೋಗಿತ್ತು. ಕಣ್ಣು ಮುಚ್ಚಿದ್ದರಿಂದಲೇ ಮಾತು ಬಂತು.

"ಸಾಯೋದಕ್ಕೆ ಹೆದರಿಕೆ ಇಲ್ಲ ಅಂತ ಸುಳ್ಳು ಹೇಳಲ್ಲ. ಆದ್ರೆ ಅದಕ್ಕಿಂತ... ಇದೆಲ್ಲ ಆದ ಮೇಲೆ ಒಂದು ಬೆಳಗ್ಗೆ ಎದ್ದಾಗ ನಿನ್ನ ಬಳೆ ಸದ್ದು ಬರೀ ಬಳೆ ಸದ್ದಾಗಿಬಿಟ್ರೆ? ಐತಪ್ಪ ಹೇಳ್ತಾನೆ, ಹೋದದ್ದೂ ಗೊತ್ತಾಗಲ್ಲ ಅಂತ."

"ನನ್ನ ಬಳೆ ಸದ್ದು ಕೇಳ್ತಾ ಕೂರ್ತಿದ್ರಾ ನೀವು?"

"ದಿನಾ."

"ಪುಸ್ತಕ ಓದ್ತಾರೆ ಅಂತ ನಾನು ಸದ್ದು ಮಾಡದ ಹಾಗೆ ಕೈ ಆಡ್ಸೋದು!" ಎಂದು ಅವಳು ನಗಹೋದಳು. ನಗು ಅರ್ಧದಲ್ಲಿ ಬೇರೆಯದಾಯಿತು. "ಇಷ್ಟು ವರ್ಷ, ನಾನು ಎಲ್ಲಾ ಬಿಟ್ಟೋಳು ಅಂತ ತಿಳಿದಿದ್ರಾ?"

"ನೀನು ಮಡಿ ಹಿಡಿದೆ. ನಾನೇನು ಅಂದ್ಕೋಬೇಕು?"

"ಯಾಕೆ ಹಿಡಿದೆ ಅಂತ ಒಂದು ದಿನ ಕೇಳಿದ್ರಾ? ನನ್ನ ಆಪರೇಷನ್ ಆಗಿ ಮನೆಗೆ ಬಂದ ದಿನ ನಿಮ್ಮ ಹಾಸಿಗೆ ಹಾಲಿಗೆ ಹೋಯ್ತು."

"ವಿಶ್ರಾಂತಿ ಬೇಕು ಅಂದಿದ್ರು ಡಾಕ್ಟ್ರು."

"ಮೂರು ತಿಂಗಳು ಅಂದಿದ್ರು. ಮೂರು ತಿಂಗಳಾದ ಮೇಲೆ ತಲೆಗೆ ಮೊಳ ಮಲ್ಲಿಗೆ ಮುಡಿದು ಕಾದೆ. ಹಾಸಿಗೆ ವಾಪಸ್ ಬರಲಿಲ್ಲ." ಅವಳು ಒದ್ದೆ ಸೀರೆಯ ಸೆರಗನ್ನು ಎಳೆದು ಹಿಂಡತೊಡಗಿದಳು. "ಗರ್ಭಕೋಶ ತೆಗೆದ್ರು, ಅಂಡಾಶಯ ತೆಗೆದ್ರು. ನಲವತ್ತೆರಡಕ್ಕೇ ಮುಟ್ಟು ನಿಂತುಹೋಯ್ತು. ಆಸೆ ಹೋಗ್ತದೆ ಅಂತ ನನಗೆ ಯಾವ ಡಾಕ್ಟ್ರೂ ಹೇಳಲಿಲ್ಲ, ಯಾರೂ ಒಂದು ವಾರ ಯೋಚನೆ ಮಾಡು ಅನ್ನಲಿಲ್ಲ. ನೀವು ಬಾಗಿಲಲ್ಲಿ ರುಜು ಹಾಕಿ, ಯಾವುದೋ ಪಿಕ್ಚರ್ ರಿಲೀಸ್ ಅಂತ ಸ್ಟುಡಿಯೋಗೆ ಓಡಿದಿರಿ. ಇನ್ನು ಇವಳಲ್ಲಿ ಏನಿದೆ ಅಂತ ನಿಮಗೆ ಅನ್ನಿಸಿತು ಅಂದ್ಕೊಂಡೆ. ಮಡಿಯಲ್ಲಿದ್ರೆ ಯಾರೂ ಮುಟ್ಟಲಿಲ್ಲ ಅನ್ನೋ ಸಂಕಟ ಇರೋದಿಲ್ಲರೀ. ಮುಟ್ಟಬೇಡಿ ಅಂತ ನಾನೇ ಹೇಳಿದ ಹಾಗೆ ಆಗ್ತದೆ."

ಸೀರೆಯಿಂದ ಹಿಂಡಿದ ನೀರು ಓಣಿಯ ಇಳಿಜಾರಿನಲ್ಲಿ ಹರಿದು ಹೋಗುತ್ತಿತ್ತು. ಹರಿದಾಸರಾಯರು ಅದನ್ನೇ ನೋಡಿದರು.

"ನೀನು ಕರೀಲಿ ಅಂತ ನಾನು ಕಾಯ್ತಿದ್ದೆ, ಭೀಮಾ."

"ನೀವು ಬರಲಿ ಅಂತ ನಾನು." ಅವಳು ಮೂಗು ಒರೆಸಿಕೊಂಡಳು. "ಭಲೇ ಸಂಸಾರ."

ದೇವರಕೋಣೆಯಲ್ಲಿ ನೈವೇದ್ಯದ ಹೊತ್ತು ಮೀರುತ್ತಿತ್ತು. ಇಬ್ಬರೂ ಏಳಲಿಲ್ಲ. ಹರಿದಾಸರಾಯರು ಕೇಳಿದರು. "ನಿನಗೆ ಹೋಯ್ತಾ? ಆಪರೇಷನ್ ಆದ ಮೇಲೆ?"

ಭೀಮಾಬಾಯಿ ಬೇಳೆಯಲ್ಲಿ ಕಲ್ಲು ಹುಡುಕುವವಳಂತೆ ತನ್ನೊಳಗೆ ಬೆರಳಾಡಿಸಿ ನೋಡಿದಳು.

"ಏನೋ ಒಂದು ಹೋಯ್ತು. ಇಲ್ಲ ಅಂತ ಹೇಳಲ್ಲ. ಒಂದು ವರ್ಷ ಈ ಮೈ ಬಾಡಿಗೆ ಮನೆ ಹಾಗಿತ್ತು. ಕಾದು ಕಾದು ಬೆವರೋದು, ಸುಮ್ಮಸುಮ್ಮನೆ ಅಳೋದು. ಆಮೇಲೆ ಒಂದು ಸಂಜೆ ನೀವು ಮೆಟ್ಟಿಲು ಹತ್ತಿ ಬಂದಿರಿ. ಆ ಫಿಲಂ ಅಂಟು ಇರ್ತಿತ್ತಲ್ಲ, ಕಳಿತ ಬಾಳೆಹಣ್ಣಿನ ಹಾಗೆ ವಾಸನೆ, ನಿಮಗಿಂತ ಮುಂಚೆ ಅದು ಮನೆಯೊಳಕ್ಕೆ ಬರೋದು. ಅದು ಬಂತು. ನಾನು ಒಲೆ ಮುಂದೆ ನಿಂತು ಅತ್ತೆ. ಹೋದದ್ದು ಹೋಗಿತ್ತು. ಆ ವಾಸನೆ ಹತ್ರಕ್ಕೆ ಬರಬೇಕು ಅನ್ನೋದು ಹೋಗಿರಲಿಲ್ಲ. ಅದು ಎಲ್ಲಿತ್ತೋ ನನಗೆ ಗೊತ್ತಿಲ್ಲ. ಅವರು ತೆಗೆದ ಜಾಗದಲ್ಲಂತೂ ಇರಲಿಲ್ಲ." ಹಿಂಡಿದ ಸೆರಗನ್ನು ಕೊಡವಿ ಹೇಳಿದಳು, "ನೀವು ರಿಟೈರಾದ ದಿನ ಎಲ್ಲರೂ ಹಾರ ಹಾಕಿ ನಕ್ಕರು. ನಾನು, ನಾಳೆಯಿಂದ ಆ ವಾಸನೆ ಇಲ್ಲ ಅಂತ ಅತ್ತೆ."

ಹರಿದಾಸರಾಯರು ತಮ್ಮ ಬಲಗೈಯನ್ನು ಎತ್ತಿ, ಅರಿವಿಲ್ಲದೆಯೇ ಬೆರಳುಗಳನ್ನು ಮೂಗಿನ ಬಳಿ ಹಿಡಿದರು. ಅಲ್ಲಿ ಒದ್ದೆ ಹತ್ತಿಸೀರೆಯ ವಾಸನೆಯಷ್ಟೇ ಇತ್ತು.

"ನನಗೂ ಹಾಗೇ ಆಗ್ತದಾ?"

"ನಾನೇನು ಡಾಕ್ಟ್ರಾ ಹೇಳಕ್ಕೆ? ಆಗಬಹುದು, ಐತಪ್ಪನ ಹಾಗೂ ಆಗಬಹುದು. ನಿಮ್ಮದು ಹೋದ್ರೆ ಹೋಗಲಿ. ನನ್ನದು ಇದೆಯಲ್ಲ."

ಅವಳು ಅದನ್ನು ಉಪ್ಪಿನ ಡಬ್ಬಿಯ ವಿಷಯ ಹೇಳಿದಷ್ಟು ಸಲೀಸಾಗಿ ಹೇಳಿದಳು. ಪಕ್ಕದ ಮನೆಯ ರೇಡಿಯೋದಲ್ಲಿ ಯಾರೋ ತಮಿಳಿನಲ್ಲಿ ಸುದ್ದಿ ಓದುತ್ತಿದ್ದರು. ಹರಿದಾಸರಾಯರಿಗೆ ಒಂದು ಮಾತೂ ಕಿವಿಗೆ ಬೀಳಲಿಲ್ಲ.

"ಇಂಜೆಕ್ಷನ್ ಆದ್ರೆ ವಾಪಸ್ ಬರೋಕೆ ಒಂದು ದಾರಿ ಇದ್ದ ಹಾಗೆ," ಎಂದರು ಕೊನೆಗೆ. "ಆಪರೇಷನ್ ಅಂದ್ರೆ ನೆಗೆಟಿವ್ ಕತ್ತರಿಸಿದ ಹಾಗೆ, ಭೀಮಾ. ಆಮೇಲೆ ಏನೂ ಮಾಡೋಕಾಗಲ್ಲ."

"ನೆಗೆಟಿವ್ ಕತ್ತರಿಸಿದ ಮೇಲೆ ತಾನೇ ಜನ ಪಿಕ್ಚರ್ ನೋಡೋದು? ಕತ್ತರಿಸದೆ ಡಬ್ಬೀಲಿ ಇಟ್ಟ ಪಿಕ್ಚರ್ ಯಾವುದಾದ್ರೂ ಒಂದು ದಿನ ಓಡಿತಾ?"

ಅವರು ಅವಳ ಮುಖ ನೋಡಿದರು.

"ಸುಮ್ಮನೆ ನನ್ನ ನೋಡಬೇಡಿ. ಸೂಜಿ ಬೇಕಾದ್ರೆ ಸೂಜಿ ಹಾಕಿಸಿಕೊಳ್ಳಿ, ನನಗೇನು. ಆದ್ರೆ ನಿಮ್ಮನ್ನ ನಾನು ಬಲ್ಲೆ. ತಿಂಗಳು ತಿಂಗಳು ಹೊಸ್ತಿಲ ಮೇಲೆ ನಿಂತು, ಒಳಗೋ ಹೊರಗೋ ಅಂತ ಯೋಚಿಸ್ತೀರಿ. ಹಾಗೆ ನಿಂತೇ ನಾವು ಮುದುಕರಾದದ್ದು."

ಗಳವನ್ನು ಅವಳು ಓಣಿಯ ಮೂಲೆಗೆ ಒರಗಿಸಿದಳು. ಹೊಸ ಹಗ್ಗ ತಂದು ಕಟ್ಟಬೇಕೆಂದು ಇಬ್ಬರೂ ಹೇಳಲಿಲ್ಲ. ಒದ್ದೆ ಸೀರೆ ಬಾಲ್ಕನಿಯ ಕಂಬಿಯ ಮೇಲೆ, ಬೀದಿಯವರೆಲ್ಲ ನೋಡುವಂತೆ, ಎದುರು ಮನೆಯ ಶರ್ಟುಗಳ ಹಾಗೆ ಒಣಗಿತು. ಆ ದಿನ ದೇವರ ನೈವೇದ್ಯ ಬಹಳ ತಡವಾಯಿತು. ಭೀಮಾಬಾಯಿ ಮತ್ತೊಮ್ಮೆ ಮಿಂದು ಅಡಿಗೆ ಮಾಡಿದಳು. ಊಟವಾದ ಮೇಲೆ ಮಡಿ ಬಿಟ್ಟು, ಪೆಟ್ಟಿಗೆಯ ತಳದಿಂದ ಒಂದು ಹಸಿರು ಸೀರೆ ತೆಗೆದುಟ್ಟಳು. ಮಡಿಕೆಯ ಗೆರೆಗಳು ಅದರ ಮೇಲೆ ಎದ್ದು ಕಾಣುತ್ತಿದ್ದವು.

ನಾಲ್ಕು ಗಂಟೆಗೆ ಹರಿದಾಸರಾಯರು ಹಾಲಿನಿಂದ ಡಾಕ್ಟರಿಗೆ ಫೋನ್ ಮಾಡಿದರು.

"ಆಪರೇಷನ್ ಆಗಲಿ, ಡಾಕ್ಟ್ರೇ."

"ಒಳ್ಳೇದು ಸಾರ್. ನಾಳೆ ಬೆಳಗ್ಗೇನೇ ಜಾಗ ಇದೆ. ಬಂದುಬಿಡ್ತೀರಾ?"

ಹರಿದಾಸರಾಯರು ಅಡಿಗೆಮನೆಯ ಕಡೆಗೆ ನೋಡಿದರು. ಅಲ್ಲಿ ಬಳೆಗಳ ಸದ್ದಾಯಿತು. ಕಾಫಿ ಸೋಸುವಾಗಿನ ಸದ್ದು. ಈ ಸಲ ಅದು ಮೆಲ್ಲಗಿರಲಿಲ್ಲ.

"ಕಾಲು ಸರಿಯಾಗಿದೆ. ಸೋಮವಾರ ಮಾಡಬಹುದಾ?"

"ಮಾಡಬಹುದು. ಚಾತುರ್ಮಾಸ್ಯದ ಪೂಜೆ ಗೀಜೆ ಇದೆಯೇನೋ?"

"ಪೂಜೆ ಅಲ್ಲ. ಮನೆಯಲ್ಲಿ ಸ್ವಲ್ಪ ಕೆಲಸ ಬಾಕಿ ಇದೆ."

ಫೋನಿಟ್ಟು ತಿರುಗಿದಾಗ ಭೀಮಾಬಾಯಿ ಹೊಸ್ತಿಲು ದಾಟಿ ಹಾಲಿಗೆ ಬಂದು ಅವರೆದುರು ನಿಂತಿದ್ದಳು. ಅಭ್ಯಾಸದಿಂದ ಅವರು ಲೋಟಕ್ಕಾಗಿ ನೆಲದ ಕಡೆ ಬಗ್ಗಿದರು.

"ಎಲ್ಲಿ ಹುಡುಕ್ತೀರಿ? ಇಲ್ಲಿದೆ."

ಅವರು ನೆಟ್ಟಗಾಗಿ ಕೈ ಚಾಚಿದರು. ಲೋಟ ತುಂಬ ಬಿಸಿಯಾಗಿತ್ತು. ಅವಳೂ ಬಿಡಲಿಲ್ಲ, ಅವರೂ ಬಿಡಲಿಲ್ಲ.